ಹದಿನೆಂಟು ತುಂಬಿದ ಮೇಲೆ

ನಮ್ಮ ಸಂಘದ ಯಾವ ಸಮಾರಂಭವೇ ಇರಲಿ, ಸಭಾಗೃಹದ ಕುರ್ಚಿಗಳನ್ನು ಸಾಲಾಗಿ ಜೋಡಿಸುವವನೊಬ್ಬನನ್ನು ವಾಚಕರಲ್ಲಿ ಅನೇಕರು ಬಲ್ಲಿರಿ. ಒಂದು ಕುರ್ಚಿ ಬೆರಳಗಲ ಆಚೀಚೆಯಾದರೂ ಅವನ ಮನಸ್ಸು ಒಪ್ಪದು. ನಾವೆಲ್ಲ ಅವನನ್ನು ‘ಹುಡುಗ’ ಎಂದೇ ಕರೆಯುತ್ತೇವೆ. ವಯಸ್ಸು 34. ತಂದೆಯವರು ಹೋಟೆಲಿನ ಗಲ್ಲಾದಲ್ಲಿ ಮೂವತ್ತು ವರ್ಷ ಕುಳಿತು ಈಗ ಮಂಡಿನೋವಿನಿಂದ ಮನೆ ಹಿಡಿದಿದ್ದಾರೆ. ತಾಯಿಯವರಿಗೆ ಎಪ್ಪತ್ತರ ಹತ್ತಿರ. ಕಳೆದ ಯುಗಾದಿಯಂದು ಕೋಸಂಬರಿ ಬಡಿಸುತ್ತ ಆಕೆ, “ಇವನಿಗಿಂತ ಒಂದು ದಿನ ಹೆಚ್ಚು ಬದುಕಿದರೆ ಸಾಕಪ್ಪಾ ನನಗೆ” ಎಂದುಬಿಟ್ಟರು. ನಮ್ಮ ಪಂಕ್ತಿಯಲ್ಲಿ ಯಾರಿಗೂ ಮುಂದೆ ಮಾತು ಹೊರಡಲಿಲ್ಲ.

ಬುದ್ಧಿಯ ಬೆಳವಣಿಗೆ ಕುಂಠಿತವಾದ ಮಕ್ಕಳಿಗೆ ನಮ್ಮ ಮುಂಬಯಿಯಲ್ಲಿ ಶಾಲೆಗಳಿಲ್ಲವೆಂದಲ್ಲ. ಶಿವಡಿಯ ಜೈ ವಕೀಲ್ ಶಾಲೆ ಆರಂಭವಾದದ್ದು 1944ರಷ್ಟು ಹಿಂದೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಆರರಿಂದ ಹದಿನೆಂಟರವರೆಗೆ ಉಚಿತ ಶಿಕ್ಷಣದ ಹಕ್ಕನ್ನೂ ಕೊಟ್ಟಿದೆ. ಹದಿನೆಂಟು ತುಂಬಿದ ಮೇಲೆ? ನಮ್ಮ ಹುಡುಗ ಶಾಲೆಯಲ್ಲಿ ಕಾಗದದ ಲಕೋಟೆ ಮಾಡಲು ಕಲಿತಿದ್ದ, ಚಿಲ್ಲರೆ ಎಣಿಸುತ್ತಿದ್ದ, ಅಂಗಡಿಗೆ ಹೋಗಿ ಹಾಲು ತರುತ್ತಿದ್ದ. ಶಾಲೆ ಮುಗಿದು ಮನೆಯಲ್ಲಿ ಕುಳಿತ ಮೇಲೆ ಒಂದೊಂದೇ ಮರೆತುಹೋಯಿತು. ಈಗ ಗ್ಯಾಲರಿಯಲ್ಲಿ ನಿಂತು ಲೋಕಲ್ ಗಾಡಿಗಳನ್ನು ಎಣಿಸುತ್ತಾನೆ. ದೊಡ್ಡವರಿಗಾಗಿ ನಡೆಯುವ ಕಾರ್ಯಾಗಾರಗಳು ನಗರದೊಳಗೆ ಕೆಲವು ಉಂಟು. ಆದರೆ ಡೊಂಬಿವಲಿಯಿಂದ ಬೆಳಗಿನ ಆ ನೂಕುನುಗ್ಗಲಿನಲ್ಲಿ ಅವನನ್ನು ದಿನವೂ ಕರೆದೊಯ್ದು ಕರೆತರುವವರು ಯಾರು? ಎಪ್ಪತ್ತರ ತಾಯಿಯೇ?

ಸರಕಾರ ಏನೂ ಮಾಡಿಲ್ಲವೆಂದರೆ ಅನ್ಯಾಯವಾದೀತು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಬಹುವಿಧ ವೈಕಲ್ಯ ಇವುಳ್ಳವರಿಗಾಗಿ 1999ರಲ್ಲಿ ರಾಷ್ಟ್ರೀಯ ನ್ಯಾಸದ ಕಾಯಿದೆಯಾಯಿತು. ಮಗನಿಗೆ ಹದಿನೆಂಟಾದ ಮೇಲೆ ಕಾನೂನಿನ ದೃಷ್ಟಿಯಲ್ಲಿ ತಂದೆತಾಯಿ ತಾವಾಗಿಯೇ ಪೋಷಕರಾಗಿ ಉಳಿಯುವುದಿಲ್ಲ. ಈ ಕಾಯಿದೆಯ ಮೇರೆಗೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಅರ್ಜಿ ಹಾಕಿಕೊಂಡರೆ ಅದು ಪೋಷಕರನ್ನು ನೇಮಿಸುತ್ತದೆ. (ಇದನ್ನು ಮಾಡಿಸದೆ ಇರುವವರು ತಡಮಾಡಬಾರದು.) ವಯಸ್ಕರ ವಸತಿಗೆ ‘ಘರೌಂದಾ’ ಎಂಬ ಯೋಜನೆಯೂ ನ್ಯಾಸಕ್ಕುಂಟು. ಆದರೆ ಇಂಥವನ್ನೆಲ್ಲ ನಡೆಸಬೇಕಾದವರು ನೋಂದಾಯಿತ ಸೇವಾಸಂಸ್ಥೆಗಳು. ಸಂಸ್ಥೆ ಇಲ್ಲದ ಊರಿನಲ್ಲಿ ಯೋಜನೆ ಕಾಗದದಲ್ಲೇ ಉಳಿಯುತ್ತದೆ. ನ್ಯಾಸಕ್ಕೆ ಮೂಲಧನವೆಂದು ಒಮ್ಮೆ ಕೊಡಲು ಕಾಯಿದೆಯಲ್ಲಿ ಬರೆದದ್ದು 100 ಕೋಟಿ ರೂಪಾಯಿ. 2011ರ ಜನಗಣತಿಯಲ್ಲಿ ಬುದ್ಧಿಮಾಂದ್ಯರೆಂದು ದಾಖಲಾದವರೇ 15 ಲಕ್ಷಕ್ಕೆ ಮೇಲು. ಹಂಚಿ ನೋಡಿದರೆ ತಲೆಗೆ 667 ರೂಪಾಯಿಯೂ ಬೀಳದು.

ಇನ್ನು ಪಿಂಚಣಿ. ಕೇಂದ್ರದ ಅಂಗವಿಕಲ ಪಿಂಚಣಿ ತಿಂಗಳಿಗೆ 300 ರೂಪಾಯಿ. ಅದೂ ಬಡತನದ ರೇಖೆಯ ಕೆಳಗಿದ್ದು, ವೈಕಲ್ಯ ಶೇಕಡಾ 80 ಇದ್ದರೆ. ದಿನಕ್ಕೆ 10 ರೂಪಾಯಿ, ಒಂದು ಕಟಿಂಗ್ ಚಹದ ಬೆಲೆ. ರಾಜ್ಯಗಳು ಇದರ ಮೇಲೆ ತಮ್ಮದನ್ನು ಸೇರಿಸುತ್ತವೆ. ಆದರೆ ಹಲವೆಡೆ ಇಷ್ಟು ವರ್ಷ ಇಲ್ಲಿಯೇ ವಾಸವಿದ್ದೆವೆಂಬ ದಾಖಲೆ ಬೇಕು. ಊರು ಬಿಟ್ಟು ಬಂದ ನಮ್ಮಂಥವರಿಗೆ ಇದು ಇನ್ನೊಂದು ತೊಡಕು. ಸರಕಾರಿ ನೌಕರರಾದ ನಮಗಾದರೋ, ದುಡಿದು ಬದುಕಲಾರದ ಅಂಥ ಮಗುವಿಗೆ ಜೀವಮಾನಪರ್ಯಂತ ಕುಟುಂಬ ಪಿಂಚಣಿ ಸಿಗುವ ನಿಯಮವಿದೆ. ಇಂಥ ಕಡತಗಳನ್ನು ನಾವೇ ಮೇಜಿನ ಮೇಲೆ ಕಂಡಿದ್ದೇವೆ. ನೌಕರನ ಮಗನಿಗೆ ನ್ಯಾಯವಾದದ್ದು ಹೋಟೆಲಿನ ಗಲ್ಲಾದಲ್ಲಿ ಕುಳಿತವರ ಮಗನಿಗೆ ಏಕೆ ಅಲ್ಲ?

ಹಣ ಬಂದರೂ ಹಣವೇ ಅವನ ಕೈ ಹಿಡಿದು ಸ್ನಾನ ಮಾಡಿಸದು. ಬೇಕಾದದ್ದು ಪೇಟೆಗೊಂದು ಹಗಲುಮನೆ, ಅಲ್ಲಿ ಕೈಗೆ ತಕ್ಕ ಕೆಲಸ, ಕರೆತರಲು ಒಂದು ಬಂಡಿ, ತಂದೆತಾಯಿ ತೀರಿದ ಮೇಲೆ ನಾಲ್ಕಾರು ಜನ ಕೂಡಿ ಇರಬಹುದಾದ ಮನೆ. “ಅದಕ್ಕೆ ದಾನಿಗಳಿದ್ದಾರಲ್ಲ” ಎಂದು ಸಂಘದ ಹಿರಿಯರೊಬ್ಬರು ನಮಗೆ ಹೇಳಿದರು. ಇದ್ದಾರೆ, ದೊಡ್ಡ ಮನಸ್ಸಿನವರು. ಕಟ್ಟಡಕ್ಕೆ ಕೊಡುತ್ತಾರೆ, ಹೆಸರಿನ ಕಲ್ಲನ್ನೂ ಹಾಕಿಸುತ್ತಾರೆ. ಆಯಾಳ ಸಂಬಳವನ್ನು ತಿಂಗಳ ಒಂದನೆಯ ತಾರೀಖಿಗೆ, ಇಪ್ಪತ್ತು ವರ್ಷ ತಪ್ಪದೆ ಕೊಡುವ ದಾನಿಯನ್ನು ಮಾತ್ರ ನಾವು ಕಾಣೆವು. ಆ ಕೆಲಸ ಆಯವ್ಯಯಪತ್ರದ್ದು.

2016ರ ಕಾಯಿದೆಯ 24ನೆಯ ಕಲಮಿನಲ್ಲಿ ಸಮುದಾಯ ಕೇಂದ್ರಗಳ ಮಾತೂ ಇದೆ, ಹೆಚ್ಚಿನ ಆಸರೆ ಬೇಕಾದವರಿಗೆ ಆರೈಕೆಯ ಭತ್ಯದ ಮಾತೂ ಇದೆ. ಆದರೆ ಕಲಮು ಶುರುವಾಗುವುದು ‘ಆರ್ಥಿಕ ಸಾಮರ್ಥ್ಯ ಮತ್ತು ಅಭಿವೃದ್ಧಿಯ ಮಿತಿಯೊಳಗೆ’ ಎಂಬರ್ಥದ ಮಾತಿನಿಂದ. ಗುಮಾಸ್ತೆಗಿರಿಯಲ್ಲಿ ವರ್ಷಗಳನ್ನು ಕಳೆದ ನಾವು ಬಲ್ಲೆವು, ಇಂಥ ಒಂದು ಪದಪುಂಜವಿದ್ದರೆ ಕಡತ ಎಷ್ಟು ಕಾಲ ನಿದ್ರಿಸಬಹುದು. ಅದನ್ನು ಎಬ್ಬಿಸುವುದು ಅರ್ಜಿ. ಒಂದಲ್ಲ, ಮೇಲಿಂದ ಮೇಲೆ ಅರ್ಜಿ.

ಆದುದರಿಂದ ನಮ್ಮ ವಾರ್ಡಿನಲ್ಲಿ ವಯಸ್ಕರಿಗಾಗಿ ಒಂದು ಹಗಲುಕೇಂದ್ರವನ್ನು ಸಾರ್ವಜನಿಕ ಹಣದಿಂದ ನಡೆಸಬೇಕೆಂದು ಕೋರುವ ಮನವಿಯನ್ನು ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಸಿದ್ಧಪಡಿಸಿ ಸಂಘದ ಕಾರ್ಯಾಲಯದಲ್ಲಿ ಇಟ್ಟಿದ್ದೇವೆ. ನೆರೆಯ ತಮಿಳರೂ ಗುಜರಾತಿಗಳೂ ಸಹಿ ಹಾಕಬಹುದು. ಈ ಕಷ್ಟಕ್ಕೆ ಭಾಷೆಯಿಲ್ಲ. ಪುರಸಭೆಯ ಆಯವ್ಯಯ ಮಂಡನೆಗೆ ಮೊದಲು ಅದು ತಲುಪಬೇಕಾಗಿದೆ. ಹೆಸರಿನ ಜೊತೆಗೆ ಪೂರ್ಣ ವಿಳಾಸ ಬರೆಯಿರಿ. ಮನೆಯಲ್ಲಿ ಇಂಥವರಿದ್ದರೆ ಅವರ ವಯಸ್ಸನ್ನೂ ಬರೆಯಿರಿ. ಮೊದಲನೆಯ ಸಾಲಿನಲ್ಲಿ 34 ಎಂದು ಬರೆದಾಗಿದೆ.