ಕಂಥೆ, ಬೊಂತೆ, ಕೌದಿ: ಅನಾದೃತ ವಸ್ತ್ರಖಂಡಗಳ ವಿನಿಯೋಗವಿಚಾರ

ಹಳೆಯ ಬಟ್ಟೆಯ ತುಂಡುಗಳನ್ನು ಪದರಪದರವಾಗಿ ಜೋಡಿಸಿ ಹೊಲಿದ ಹೊದಿಕೆಗೆ ಕನ್ನಡನಾಡಿನಲ್ಲಿ ಕೌದಿಯೆಂದು ಹೆಸರು. ಇದರ ವಿಚಾರಕ್ಕೆ ಕೋಲಾರದ ಚಿನ್ನದ ಗಣಿ ಮತ್ತು ಬಂಗಾರಪೇಟೆಗಳ ಸೀಮೆಯು ವಿಶೇಷವಾಗಿ ತಕ್ಕುದಾಗಿದೆ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿಯವರು ಗಣಿಕೆಲಸವನ್ನು ವಹಿಸಿಕೊಂಡ ಬಳಿಕ ತಮಿಳು ತೆಲುಗು ಸೀಮೆಗಳ ಸಾವಿರಾರು ಕುಟುಂಬಗಳು ಇಲ್ಲಿಗೆ ಬಂದು ನೆಲೆಸಿದುವು. ಆಗ ಬೌರಿಂಗ್‌ಪೇಟೆಯೆನಿಸಿದ್ದ ಬಂಗಾರಪೇಟೆಯಿಂದ ಮಾರಿಕುಪ್ಪದವರೆಗೆ ಆ ಶತಮಾನದ ಕೊನೆಯ ದಶಕದಲ್ಲಿ ಹಾಕಿದ ರೈಲುದಾರಿಯು ಈ ಸೇರುವಿಕೆಯನ್ನು ಸುಗಮಗೊಳಿಸಿತು. ಹೀಗೆ ಮೂರು ನುಡಿಗಳು ಕೂಡಿದ ಎಡೆಯಲ್ಲಿ ಚಿಂದಿಗೆ ಸಂಬಂಧಪಟ್ಟ ಮೂರು ಶಬ್ದಪರಂಪರೆಗಳೂ ಕೂಡಿದುವು.

ಅವುಗಳಲ್ಲಿ ಮೊದಲನೆಯದು ಸಂಸ್ಕೃತದ ಕಂಥಾ ಶಬ್ದ. ಭರ್ತೃಹರಿಯ ವೈರಾಗ್ಯಶತಕದಲ್ಲಿ ಇದು ವಿರಕ್ತನ ಹೊದಿಕೆಯಾಗಿ ಬರುತ್ತದೆ. ಕನ್ನಡದ ಕಂಥೆಯೂ, ಚಿಂದಿಯೆಂಬ ಅರ್ಥದ ತಮಿಳಿನ ಕಂದೈ ಶಬ್ದವೂ ಇದಕ್ಕೆ ಸೇರಿದುವು. ಪಾಣಿನಿಯು ಉಶೀನರದೇಶದ ಪ್ರಸಂಗದಲ್ಲಿ ಹೇಳುವ ಕಂಥಾ ಶಬ್ದವಾದರೋ ಊರಿನ ಹೆಸರುಗಳಿಗೆ ಸಂಬಂಧಿಸಿದುದರಿಂದ ಅದನ್ನು ಇಲ್ಲಿಗೆ ಎಳೆತರಲಾಗದು. ಎರಡನೆಯದು ತೆಲುಗಿನ ಬೊಂತ, ಕನ್ನಡದ ಬೊಂತೆ. ಹನ್ನೆರಡನೆಯ ಶತಮಾನದ ಶಿವಶರಣೆ ಬೊಂತಾದೇವಿಯ ಹೆಸರಿನಲ್ಲಿ ಈ ಶಬ್ದವು ನೆಲೆಯಾಗಿ ನಿಂತಿದೆ. ಅರಸುಕುವರಿಯಾಗಿದ್ದ ಆಕೆಯು ಉಟ್ಟ ಬಟ್ಟೆಯನ್ನೂ ತೊರೆದು ಕಲ್ಯಾಣಕ್ಕೆ ಬರುತ್ತಿರಲು ಶಿವನು ಬೊಂತೆಯೊಂದನ್ನು ಕೊಟ್ಟನೆಂದೂ, ಅದರಿಂದಲೇ ಆ ಹೆಸರು ಬಂದಿತೆಂದೂ ಐತಿಹ್ಯವುಂಟು. ಮೂರನೆಯದು ಕವುದಿ ಅಥವಾ ಕೌದಿ; ಇದು ಉತ್ತರ ಕರ್ನಾಟಕದಲ್ಲಿ ಮನೆಮನೆಯ ಮಾತು.

ಚಿಂದಿಗೆ ಗೌರವವು ಬರುವುದು ಹೇಗೆ? ಬೌದ್ಧರ ವಿನಯಪಿಟಕದ ಮಹಾವಗ್ಗದಲ್ಲಿ ಇದಕ್ಕೆ ಉತ್ತರವಿದೆ. ಭಿಕ್ಷುಗಳು ಧೂಳಿನ ರಾಶಿಯಿಂದ ಆಯ್ದ ಬಟ್ಟೆಗೆ ಪಾಂಸುಕೂಲವೆಂದು ಹೆಸರು. ಮಗಧದ ಗದ್ದೆಗಳ ಬದುಗಳನ್ನು ನೋಡಿದ ಬುದ್ಧನು ಅಂಥ ವಿನ್ಯಾಸದಲ್ಲಿ ಚೀವರವನ್ನು ಮಾಡಬಹುದೇ ಎಂದು ಆನಂದನನ್ನು ಕೇಳಿದನೆಂದೂ, ಆನಂದನು ತುಂಡುಗಳನ್ನು ಹಾಗೆಯೇ ಜೋಡಿಸಿ ತಂದನೆಂದೂ ಅಲ್ಲಿ ಹೇಳಿದೆ. ತುಂಡಿಗೆ ಬೆಲೆಯಿಲ್ಲದಿದ್ದರೂ ಕ್ರಮಕ್ಕೆ ಬೆಲೆಯುಂಟು ಎಂಬುದು ಇದರ ತಾತ್ಪರ್ಯ.

ಕೌದಿಯ ಕ್ರಮವೂ ಇಂಥದೇ. ಅಡಿಗೆ ಒಂದು ಹಳೆಯ ನೂಲಿನ ಸೀರೆಯನ್ನು ಹಾಸಿ, ನಡುವೆ ಜೀರ್ಣವಸ್ತ್ರಗಳನ್ನು ಹರಡಿ, ಮೇಲೆ ಆಯ್ದ ತುಂಡುಗಳನ್ನಿಟ್ಟು, ಸೂಜಿಯು ಎಲ್ಲ ಪದರಗಳನ್ನೂ ತೂರಿ ಹಾಯುವಂತೆ ಸಾಲುಸಾಲಾಗಿ ಹೊಲಿಯುತ್ತಾರೆ. ಪದರಗಳ ನಡುವೆ ಸಿಕ್ಕಿದ ಗಾಳಿಯು ಮೈಯ ಬಿಸಿಯನ್ನು ಹೊರಗೆ ಬಿಡದು. ಸಮುದ್ರಮಟ್ಟದಿಂದ ಸುಮಾರು 2,800 ಅಡಿ ಎತ್ತರದ ಗಣಿಸೀಮೆಯ ಮಾಗಿಯ ಚಳಿಗೆ ಇದು ಸಾಕು.

ಇನ್ನು ಕಣ್ಣಿಗೆ ಒಗ್ಗದ ಬಟ್ಟೆಯ ಮಾತು. ಬಟ್ಟೆಯ ದೋಷಗಳು ಒಂದೇ ಬಗೆಯವಲ್ಲ; ಪ್ರತಿಯೊಂದಕ್ಕೂ ಬೇರೆ ಬೇರೆ ಪರಿಹಾರವುಂಟು. ಬಣ್ಣ ಮಾಸಿದ್ದರೂ ನೂಲು ಗಟ್ಟಿಯಾಗಿದ್ದರೆ ಅದು ನಡುವಿನ ಪದರಕ್ಕೆ ಉತ್ತಮ. ಹಲವು ಸಲ ಒಗೆದುದರಿಂದ ಬಂದ ಮೆತುವು ಹೊಸ ಬಟ್ಟೆಗೆ ಇರದು. ಕಲೆಯಾದುದನ್ನು ಮಡಿಸಿ ಒಳಗಿಡಬಹುದು, ಇಲ್ಲವೆ ಮೇಲೊಂದು ತೇಪೆಯಿಂದ ಮುಚ್ಚಬಹುದು. ಕಣ್ಣು ಕುಕ್ಕುವ ಬಣ್ಣವು ಒಂದೇ ಕಡೆ ದೊಡ್ಡದಾಗಿದ್ದರೆ ವಿಕಾರ. ಸಣ್ಣ ತುಂಡುಗಳಾಗಿ ದೂರದೂರಕ್ಕೆ ಹಂಚಿದರೆ ಅದೇ ಅಲಂಕಾರ. ನಿಜವಾಗಿ ವರ್ಜ್ಯವಾದುವು ಎರಡೇ: ಎರಡು ಕೈಯಲ್ಲಿ ಹಿಡಿದು ಎಳೆದೊಡನೆ ಹರಿಯುವುದು, ಒದ್ದೆಮಾಡಿ ಬಿಳಿಯ ಬಟ್ಟೆಗೆ ಉಜ್ಜಿದರೆ ಬಣ್ಣ ಬಿಡುವುದು. ಹೊಸ ಬಟ್ಟೆಯ ಕತ್ತರಿಕೆಯನ್ನು ಮೊದಲು ನೀರಿಗೆ ಹಾಕಿ ಒಣಗಿಸದಿದ್ದರೆ ಆಮೇಲೆ ಅದು ಕುಗ್ಗಿ ಇಡೀ ಹೊದಿಕೆಯನ್ನು ಸುಕ್ಕುಗಟ್ಟಿಸುವುದು. ಆದುದರಿಂದ ಕುರೂಪವೆಂಬುದು ಬಹುಮಟ್ಟಿಗೆ ಬಟ್ಟೆಯ ಗುಣವಲ್ಲ, ಅದನ್ನಿಟ್ಟ ಸ್ಥಾನದ ಗುಣ.

ಅಳತೆಯಿಲ್ಲದ ತುಂಡುಗಳನ್ನು ಕೂಡಿಸುವ ಬೇರೊಂದು ಮಾರ್ಗವು ಉತ್ತರ ಕನ್ನಡ ಜಿಲ್ಲೆಯ ಸಿದ್ದಿ ಜನರಲ್ಲಿದೆ. ಆಫ್ರಿಕಾ ಮೂಲದವರಾದ ಈ ಜನರ ಹೆಂಗಸರು ತಮ್ಮ ಹೊದಿಕೆಯನ್ನು ಕವಂದಿಯೆನ್ನುತ್ತಾರೆ. ಅವರು ಮೂಲೆಯಿಂದ ತೊಡಗಿ ಅಂಚನ್ನು ಹಿಡಿದು ಸುತ್ತುತ್ತ ನಡುವಿಗೆ ಬರುವುದರಿಂದ ತುಂಡುಗಳನ್ನು ಮೊದಲೇ ಸಮನಾಗಿ ಕತ್ತರಿಸಬೇಕಾಗಿಲ್ಲ. ಕೈಗೆ ಬಂದುದು ಬಂದಂತೆ ಎಡೆಯನ್ನು ಪಡೆಯುತ್ತದೆ. ಮೂಲೆಗಳಲ್ಲಿ ಮುಮ್ಮೂಲೆಯಾಗಿ ಮಡಿಸಿಟ್ಟ ತುಂಡಿಗೆ ಫುಲ ಎಂದು ಹೆಸರು. ಅದಿಲ್ಲದ ಕವಂದಿಯು ಪೂರ್ಣವೆನಿಸದು.

ಉಳಿಕೆಯು ನಿರುಪಯುಕ್ತವಲ್ಲವೆಂಬುದಕ್ಕೆ ಗಣಿಯೂರಿನ ನೆಲವೇ ದೃಷ್ಟಾಂತವಾಗಿದೆ. ಅದಿರನ್ನು ಅರೆದು ಚಿನ್ನವನ್ನು ತೆಗೆದ ಮೇಲೆ ಸುರಿದ ಮಣ್ಣು ಅಲ್ಲಿ ಸೈನೈಡ್ ಗುಡ್ಡೆಗಳಾಗಿ ನಿಂತಿದೆ. ಅದರಲ್ಲಿ ಇನ್ನೂ ಚಿನ್ನದ ಅಂಶವುಂಟಾದ ಕಾರಣ ಅಂಥ 13 ಗುಡ್ಡೆಗಳನ್ನು ಮರಳಿ ಶೋಧಿಸುವ ಕೇಂದ್ರಸರ್ಕಾರದ ಪ್ರಸ್ತಾವಕ್ಕೆ ರಾಜ್ಯದ ಸಚಿವಸಂಪುಟವು 2024ರಲ್ಲಿ ಸಮ್ಮತಿಯನ್ನಿತ್ತಿತು. ಮಣ್ಣಿನ ವಿಷಯದಲ್ಲಿ ಸಚಿವಸಂಪುಟವು ಒಪ್ಪಿದ ನ್ಯಾಯವನ್ನು ಬಟ್ಟೆಯ ವಿಷಯದಲ್ಲಿ ಗೃಹಿಣಿಯರು ಎಂದೋ ಬಲ್ಲರು.

ಆದರೆ ಈ ವಿದ್ಯೆಗೆ ಈಗ ಎರಡು ಕಡೆಯಿಂದ ಕುಂದು ಬಂದಿದೆ. ನೂಲಿನ ಸೀರೆಯ ಎಡೆಯಲ್ಲಿ ಪಾಲಿಯೆಸ್ಟರ್ ಬಂದಿತು. ಅದು ಬೆವರನ್ನು ಹೀರದು, ಹಳತಾದರೂ ನೂಲಿನಂತೆ ಮೆತ್ತಗಾಗದು. ಇನ್ನೊಂದು ಕುಂದು ಕಾಲಾಭಾವ. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದ ಮೇಲೆ ಅಲ್ಲಿಯ ಬಹುಜನರು ದಿನವೂ ಬಂಗಾರಪೇಟೆಯ ಮಾರ್ಗವಾಗಿ ಬೆಂಗಳೂರಿನ ಕೆಲಸಗಳಿಗೆ ರೈಲಿನಲ್ಲಿ ಹೋಗಿಬರುತ್ತಾರೆ. ಹೊತ್ತಾರೆ ಹೊರಟು ಇರುಳಿಗೆ ಮರಳುವವರಿಗೆ ಕೌದಿಯ ಬಿಡುವು ಎಲ್ಲಿಯದು? ಈ ಹೊಲಿಗೆಯನ್ನು ಗ್ರಂಥದಿಂದ ಕಲಿಯುವವರು ವಿರಳ. ಹಿರಿಯಳ ಪಕ್ಕದಲ್ಲಿ ಕಿರಿಯಳು ಕುಳಿತು, ಯಾವ ತುಂಡು ಎಲ್ಲಿಗೆ ಸಲ್ಲುವುದೆಂಬುದನ್ನು ಕೈಯಿಂದಲೇ ಅರಿಯಬೇಕು. ಬಟ್ಟೆಯ ಚೂರು ಇನ್ನೆಷ್ಟಾದರೂ ದೊರಕೀತು. ಅದರ ಎಡೆಯನ್ನು ಬಲ್ಲ ಕೈ ಒಮ್ಮೆ ತಪ್ಪಿದರೆ ಮರಳಿ ದೊರಕುವುದು ದುರ್ಲಭ.