ಚಿಕ್ಕಿ ಪೊಟ್ಟಣಕ್ಕೊಂದು ಪ್ರಾಂಪ್ಟ್

ಚಳ್ಳಕೆರೆ ತಾಲೂಕಿನ ಪರಶುರಾಂಪುರದಲ್ಲಿ ಶೇಂಗಾ ಚಿಕ್ಕಿ ಮಾಡಿ ಮಾರ್ತೀರಿ ಅಂದ್ಕೊಳ್ಳಿ. ಎಐಗೆ ‘ಒಳ್ಳೆ ಪ್ಯಾಕಿಂಗ್ ಹೇಳು’ ಅಂದ್ರೆ ಏನು ಬರುತ್ತೆ? ‘ಆಕರ್ಷಕ, ಪರಿಸರಸ್ನೇಹಿ’ ಅಂತ ಬರೀ ಸಮಾರಂಭದ ಭಾಷಣ.

ಎಣ್ಣೆ ಗಿರಣಿಗಳ ಚಳ್ಳಕೆರೆ ಸೀಮೆಯವರಿಗೆ ಶೇಂಗಾ ಕೆಟ್ಟಾಗ ಬರೋ ಕಮಟು ವಾಸನೆ ಏನಂತ ಯಾರೂ ಹೇಳಿಕೊಡಬೇಕಿಲ್ಲ. ಎಐಗೆ ಹೇಳಿಕೊಡಬೇಕು. ಹೀಗೆ ಬರೀರಿ: ‘ಹುರಿದ ಶೇಂಗಾ, ಬೆಲ್ಲ. 200 ಗ್ರಾಂ ಪೊಟ್ಟಣ. ಬೇಸಿಗೆಯಲ್ಲಿ ಅಂಗಡಿ ಮುಂದೆ ನೇತಾಡುತ್ತೆ. ನನ್ನ ಹತ್ರ ಇರೋದು ಕೈಯಲ್ಲಿ ಒತ್ತೋ ಸೀಲಿಂಗ್ ಮಷಿನ್. ಬೆಲ್ಲ ತೇವ ಹೀರಬಾರದು, ಶೇಂಗಾ ಕಮಟಬಾರದು. ಮೂರು ಬಗೆ ಫಿಲ್ಮ್ ಹೋಲಿಸು. ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅನ್ನು.’ ಈಗ ಮಾತು ಮೆಟಲೈಸ್ಡ್ ಪಾಲಿಯೆಸ್ಟರ್, ತೇವ, ಆಮ್ಲಜನಕದ ಕಡೆ ತಿರುಗುತ್ತೆ.

ಲೇಬಲ್‌ಗೂ ಅಷ್ಟೇ. ಪದಾರ್ಥಗಳು ತೂಕದ ಇಳಿಕೆ ಕ್ರಮದಲ್ಲಿ, ಶೇಂಗಾ ಅಲರ್ಜಿ ಸೂಚನೆ, ಸಸ್ಯಾಹಾರದ ಹಸಿರು ಗುರುತು, ಎಲ್ಲಾ ಕೇಳಿ. ಆದ್ರೆ 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆಯ ಜಾಗ ಖಾಲಿ ಬಿಡು ಅನ್ನಿ. ಇಲ್ಲಾಂದ್ರೆ ತಾನೇ ಒಂದು ನಂಬರ್ ಕಟ್ಟಿ ಕೂರಿಸಿಬಿಟ್ಟೀತು!

‘ಎಷ್ಟು ದಿನ ಕೆಡಲ್ಲ?’ ಅಂತ ಮಾತ್ರ ಕೇಳಬೇಡಿ. ಆ ಲೆಕ್ಕ ಲ್ಯಾಬ್‌ನಿಂದ ಬರಬೇಕು. ಅಲ್ಲೀವರೆಗೆ ಹತ್ತು ಪೊಟ್ಟಣ ಕಿಟಕಿ ಪಕ್ಕ ಇಟ್ಟು, ವಾರಕ್ಕೊಂದು ಒಡೆದು ಮೂಸಿ ನೋಡ್ತಿರಿ.