ಬೆಳ್ಳಗಾದ ಹವಳವೆಲ್ಲ ಬಿಸಿಗೆ ಬಳಲಿದ್ದಲ್ಲ: ಏನಿದು ಹವಳಗಳನ್ನು ಕೊಲ್ಲುವ ಹೊಸ ರೋಗ?

ಹವಳದ ದಿಬ್ಬಗಳು ಬೆಳ್ಳಗಾಗುತ್ತಿವೆ ಎಂಬ ಸುದ್ದಿ ಓದಿದಾಗ ನಮಗೆ ಮೊದಲು ಹೊಳೆಯುವ ಕಾರಣ ಸಮುದ್ರದ ನೀರು ಬಿಸಿಯಾಗುತ್ತಿರುವುದು. ಆದರೆ ಅಮೆರಿಕದ ಫ್ಲೋರಿಡಾ ಮತ್ತು ಕೆರಿಬಿಯನ್ ಸಮುದ್ರದ ಹವಳಗಳು ಬೆಳ್ಳಗಾಗಲು ಇನ್ನೊಂದು ಕಾರಣವೂ ಇದೆ. ಅದೇ 'ಸ್ಟೋನಿ ಕೋರಲ್ ಟಿಶ್ಯೂ ಲಾಸ್ ಡಿಸೀಸ್', ಅಂದರೆ ಕಲ್ಲುಹವಳದ ಅಂಗಾಂಶ ನಾಶವಾಗುವ ರೋಗ.

ಎರಡಕ್ಕೂ ಏನು ವ್ಯತ್ಯಾಸ?

ಹವಳ ನೋಡಲು ಕಲ್ಲಿನಂತಿದ್ದರೂ ಅದು ಪ್ರಾಣಿ. ಪಾಲಿಪ್ ಎಂಬ ಪುಟ್ಟ ಜೀವಿಗಳು ಸಾವಿರಾರು ಸಂಖ್ಯೆಯಲ್ಲಿ ಒಟ್ಟಿಗೆ ಬಾಳುತ್ತಾ ಸುಣ್ಣದ ಗೂಡು ಕಟ್ಟುತ್ತವೆ. ಇವುಗಳ ಮೈಯೊಳಗಿನ ಸೂಕ್ಷ್ಮ ಪಾಚಿ ಬಿಸಿಲಿನಿಂದ ಆಹಾರ ತಯಾರಿಸಿ ಕೊಡುತ್ತದೆ.

ನೀರು ಅತಿಯಾಗಿ ಬಿಸಿಯಾದರೆ ಹವಳ ಈ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ. ಆಗಲೂ ಅದರಲ್ಲಿ ಜೀವವಿರುತ್ತದೆ. ನೀರು ಬೇಗ ತಣಿದರೆ ಚೇತರಿಸಿಕೊಳ್ಳಬಹುದು. ಆದರೆ ಈ ರೋಗದಲ್ಲಿ ಹವಳದ ಜೀವಂತ ಪದರವೇ ಕಳಚಿ ಬೀಳುತ್ತದೆ. ಆಗ ಕಾಣುವ ಬಿಳುಪು ಬರಿಯ ಅಸ್ಥಿಪಂಜರದ್ದು.

ನೂರು ವರ್ಷದ ಹವಳ, ವಾರಗಳಲ್ಲಿ ಸಾವು

2014ರಲ್ಲಿ ಮಯಾಮಿ ಸಮೀಪದ ಸಮುದ್ರದಲ್ಲಿ ರೋಗ ಮೊದಲು ಪತ್ತೆಯಾಯಿತು. 2018ರ ವೇಳೆಗೆ ಜಮೈಕಾ ಮತ್ತು ಮೆಕ್ಸಿಕೋದಲ್ಲೂ ಕಾಣಿಸಿತು. 20ಕ್ಕೂ ಹೆಚ್ಚು ಜಾತಿಯ ಹವಳಗಳಿಗೆ ಇದು ತಗಲುತ್ತದೆ. ಮಿದುಳಿನಂತೆ ಸುರುಳಿ ಗೆರೆಗಳಿರುವ ಹವಳಗಳು ಮತ್ತು ಕಂಬದಂತೆ ನಿಲ್ಲುವ ಹವಳಗಳು ಬೇಗ ಬಲಿಯಾಗುತ್ತವೆ.

ಗುಂಡಾಗಿ ಬೆಳೆಯುವ ಹವಳಗಳು ಸಾಮಾನ್ಯವಾಗಿ ವರ್ಷಕ್ಕೆ ಸುಮಾರು ಒಂದು ಸೆಂಟಿಮೀಟರ್‌ನಷ್ಟು ಬೆಳೆಯುತ್ತವೆ. ಅಂದರೆ ಒಂದು ಮೀಟರ್ ಎತ್ತರದ ಹವಳಕ್ಕೆ ಸುಮಾರು ನೂರು ವರ್ಷ ವಯಸ್ಸು. ರೋಗ ಬಂದರೆ ಅದು ಕೆಲವೇ ವಾರಗಳಲ್ಲಿ ಅಥವಾ ತಿಂಗಳುಗಳಲ್ಲಿ ಸಾಯಬಹುದು. ಹವಳ ಹೋದರೆ ಮೀನುಗಳಿಗೆ ಆಸರೆ ತಪ್ಪುತ್ತದೆ, ದಡಕ್ಕೆ ಅಪ್ಪಳಿಸುವ ಅಲೆಗಳನ್ನು ತಡೆಯುವ ಗೋಡೆಯೂ ಸವೆಯುತ್ತದೆ.

ಹರಡುವುದು ಹೇಗೆ?

ರೋಗ ನೀರಿನ ಮೂಲಕ ಮತ್ತು ನೇರ ಸ್ಪರ್ಶದಿಂದ ಹರಡುತ್ತದೆ. ಹಡಗುಗಳು ಸಮತೋಲನಕ್ಕಾಗಿ ಒಂದು ಬಂದರಿನಲ್ಲಿ ತುಂಬಿಕೊಂಡು ಇನ್ನೊಂದರಲ್ಲಿ ಚೆಲ್ಲುವ ನೀರಿನ ಮೇಲೂ ಸಂಶಯವಿದೆ. ಕಾರಣವಾದ ರೋಗಾಣು ಯಾವುದೆಂದು ವಿಜ್ಞಾನಿಗಳು ಇನ್ನೂ ಖಚಿತಪಡಿಸಿಲ್ಲ. ಬ್ಯಾಕ್ಟೀರಿಯಾದ ಪಾತ್ರವಿದೆ ಎನ್ನಲು ಮುಖ್ಯ ಆಧಾರ, ಆ್ಯಂಟಿಬಯಾಟಿಕ್‌ಗೆ ರೋಗ ಬಗ್ಗುತ್ತಿರುವುದು.

ಚಿಕಿತ್ಸೆ ಇದೆಯೇ?

ಇದೆ. ಮನುಷ್ಯರಿಗೆ ಕೊಡುವ ಅಮಾಕ್ಸಿಸಿಲಿನ್ ಔಷಧವನ್ನೇ ಮುಲಾಮಿನಲ್ಲಿ ಬೆರೆಸಿ, ಮುಳುಗುಗಾರರು ಹವಳದ ಗಾಯದ ಅಂಚಿಗೆ ಕೈಯಾರೆ ಹಚ್ಚುತ್ತಾರೆ. ಹಚ್ಚಿದ ಜಾಗದಲ್ಲಿ ರೋಗ ಹೆಚ್ಚಾಗಿ ನಿಲ್ಲುತ್ತದೆ. ಆದರೆ ಅದೇ ಹವಳದ ಇನ್ನೊಂದು ಕಡೆ ಹೊಸ ಗಾಯ ಏಳಬಹುದು. ಫ್ಲೋರಿಡಾದ ಹವಳದ ಸಾಲು ಸುಮಾರು 560 ಕಿ.ಮೀ. ಉದ್ದವಿದೆ. ಒಂದೊಂದೇ ಹವಳಕ್ಕೆ ಮುಲಾಮು ಹಚ್ಚಿ ಅಷ್ಟನ್ನೂ ಉಳಿಸುವುದು ಸಾಧ್ಯವಿಲ್ಲ.

ಹೀಗಾಗಿ ರೋಗ ತಲುಪುವ ಮೊದಲೇ ಆರೋಗ್ಯವಂತ ಹವಳಗಳನ್ನು ಎತ್ತಿ ತಂದು ಅಕ್ವೇರಿಯಂಗಳಲ್ಲಿ ಸಾಕಲಾಗುತ್ತಿದೆ. ಸ್ಮಿತ್‌ಸೋನಿಯನ್ ಸಂಸ್ಥೆಯ ವಿಜ್ಞಾನಿಗಳು ಹವಳದ ಮೈಮೇಲೇ ಇರುವ ಒಂದು ಉಪಕಾರಿ ಬ್ಯಾಕ್ಟೀರಿಯಾವನ್ನು ಔಷಧವಾಗಿ ಪ್ರಯೋಗಿಸುತ್ತಿದ್ದಾರೆ.

ನಮಗೇನು ಸಂಬಂಧ?

ಈ ರೋಗ ಖಚಿತವಾಗಿ ದಾಖಲಾಗಿರುವುದು ಫ್ಲೋರಿಡಾ ಮತ್ತು ಕೆರಿಬಿಯನ್ ಭಾಗದಲ್ಲಿ. ಮನ್ನಾರ್ ಕೊಲ್ಲಿ ಮತ್ತು ಲಕ್ಷದ್ವೀಪದಲ್ಲಿ ವರದಿಯಾಗಿರುವುದು ಬೇರೆ ಬಗೆಯ ಹವಳ ರೋಗಗಳು. ಆದರೆ ಹಡಗುಗಳೂ ಪ್ರವಾಸಿಗರೂ ಎಲ್ಲ ಸಮುದ್ರಗಳಲ್ಲೂ ಓಡಾಡುತ್ತಾರೆ.

ಅಂಡಮಾನ್‌ನಲ್ಲಾಗಲಿ, ನಮ್ಮ ಮುರುಡೇಶ್ವರದ ಬಳಿಯ ನೇತ್ರಾಣಿಯಲ್ಲಾಗಲಿ ಸ್ಕೂಬಾಗೆ ಇಳಿಯುವವರು ಹವಳವನ್ನು ಮುಟ್ಟಬಾರದು. ಬೇರೆ ಸಮುದ್ರದಲ್ಲಿ ಬಳಸಿದ ಮಾಸ್ಕ್, ಫಿನ್, ಸೂಟ್‌ಗಳನ್ನು ಸೋಂಕುನಿವಾರಕದಿಂದ ತೊಳೆದು, ಒಣಗಿಸಿಯೇ ಮತ್ತೆ ನೀರಿಗಿಳಿಯಬೇಕು. ರೋಗ ಬಂದ ಮೇಲೆ ಒಂದೊಂದೇ ಹವಳಕ್ಕೆ ಮುಲಾಮು ಹಚ್ಚುವುದಕ್ಕಿಂತ ಇದು ಸುಲಭದ ಕೆಲಸ.